ವಿಜ್ಞಾನವನ್ನು ಅಳೆಯುವ ಸೇರು

ಗಂಗೊಳ್ಳಿಯ ಬಂದರಿನಲ್ಲಿ ದೋಣಿಯಿಂದ ಇಳಿದ ಮೀನನ್ನು ತೂಗಿ ಇಷ್ಟು ಕಿಲೋಗ್ರಾಂ ಎಂದು ಹೇಳಬಹುದು. ಬ್ರಹ್ಮಾವರದ ಬೈಲುಗದ್ದೆಯ ಭತ್ತವನ್ನು ಒಣಗಿಸಿ ಇಷ್ಟು ಕ್ವಿಂಟಲ್ ಎನ್ನಬಹುದು. ಹಿಂದಿನವರು ಅಕ್ಕಿಯನ್ನು ಸೇರಿನಿಂದ ಅಳೆದು ಮುಡಿ ಕಟ್ಟುತ್ತಿದ್ದರು. ಬೈಂದೂರಿನಲ್ಲಿ ಆಷಾಢದ ಒಂದು ಹಗಲು ಸುರಿದ ಮಳೆಯನ್ನೂ ಮಳೆಮಾಪಕದ ನೆರವಿನಿಂದ ಮಿಲಿಮೀಟರುಗಳಲ್ಲಿ ತಿಳಿಸಬಹುದು. ಆದರೆ ಒಂದು ದೇಶದಲ್ಲಿ ಒಂದು ವರ್ಷದ ಅವಧಿಯಲ್ಲಿ ವಿಜ್ಞಾನ ಎಷ್ಟು ಬೆಳೆಯಿತು ಎಂದು ಯಾರಾದರೂ ಕೇಳಿದರೆ ಏನೆಂದು ಉತ್ತರ ಕೊಡುವುದು? ಅದನ್ನು ತೂಗುವ ತಕ್ಕಡಿ ಯಾವುದು, ಅಳೆಯುವ ಸೇರು ಯಾವುದು?

ಪ್ರಶ್ನೆ ವಿಚಿತ್ರವೆಂದು ತೋರಬಹುದು. ಆದರೆ ಇಂದು ಜಗತ್ತಿನ ಹೆಚ್ಚಿನ ದೇಶಗಳಲ್ಲಿ ಈ ಅಳತೆ ನಡೆದೇ ಇದೆ. ವಿಶ್ವವಿದ್ಯಾಲಯಗಳನ್ನು ಮೇಲು ಕೀಳೆಂದು ಸಾಲಿನಲ್ಲಿ ನಿಲ್ಲಿಸುವಾಗ, ಅಧ್ಯಾಪಕರಿಗೆ ಬಡ್ತಿ ಕೊಡುವಾಗ, ಸಂಶೋಧನೆಗೆ ಹಣ ಹಂಚುವಾಗ ಈ ಅಳತೆಯ ಅಂಕಿಗಳನ್ನು ಮುಂದಿಟ್ಟುಕೊಳ್ಳುವರು. ಭಾರತ ಸರ್ಕಾರವು 2015ರಲ್ಲಿ ರೂಪಿಸಿದ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯಲ್ಲಿಯೂ ಸಂಶೋಧನ ಪ್ರಬಂಧಗಳ ಸಂಖ್ಯೆಗೂ ಅವುಗಳಿಗೆ ದೊರೆತ ಉಲ್ಲೇಖಗಳಿಗೂ ಅಂಕಗಳುಂಟು. ಇಂದು ಕುಂದಾಪುರದ ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿ ನಾಳೆ ಸಂಶೋಧಕನಾದರೆ, ಅವನ ಕೆಲಸವನ್ನು ಈ ಸೇರಿನಿಂದಲೇ ಅಳೆಯುವರು. ಆದುದರಿಂದ ಆ ಸೇರು ಹೇಗೆ ತಯಾರಾಯಿತು, ಅದರಲ್ಲಿ ಏನು ಹಿಡಿಯುತ್ತದೆ, ಏನು ಹೊರಗೆ ಚೆಲ್ಲುತ್ತದೆ ಎಂಬುದನ್ನು ನಾವು ಇಲ್ಲಿ ನೋಡೋಣ.

ಎಣಿಸುವುದು ಯಾವುದನ್ನು?

ವಿಜ್ಞಾನಿಯು ತಾನು ಕಂಡುಕೊಂಡ ಹೊಸ ಸಂಗತಿಯನ್ನು ಒಂದು ಪ್ರಬಂಧವಾಗಿ ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸುತ್ತಾನೆ. ಸಂಪಾದಕರು ಅದನ್ನು ಆ ವಿಷಯದ ಇತರ ತಜ್ಞರಿಗೆ ತೋರಿಸಿ, ಅವರ ಒಪ್ಪಿಗೆ ದೊರೆತರೆ ಅಚ್ಚು ಮಾಡುವರು. ಪ್ರಬಂಧದ ತಲೆಯಲ್ಲಿ ಲೇಖಕರ ಹೆಸರುಗಳೂ ಅವರು ದುಡಿಯುವ ಸಂಸ್ಥೆಯ ವಿಳಾಸವೂ ಇರುತ್ತವೆ. ಬುಡದಲ್ಲಿ, ತಾವು ಆಧಾರವಾಗಿ ಇಟ್ಟುಕೊಂಡ ಹಿಂದಿನ ಪ್ರಬಂಧಗಳ ಪಟ್ಟಿಯಿರುತ್ತದೆ. ಈ ಪಟ್ಟಿಯಲ್ಲಿನ ಒಂದೊಂದು ನಮೂದಿಗೂ ‘ಉಲ್ಲೇಖ’ ಎಂದು ಹೆಸರು. ವಿಜ್ಞಾನವನ್ನು ಅಳೆಯುವವರು ಹಿಡಿದಿರುವುದು ಈ ಎರಡು ತುದಿಗಳನ್ನೇ. ತಲೆಯಲ್ಲಿನ ವಿಳಾಸದಿಂದ ಯಾವ ದೇಶದ ಪ್ರಬಂಧ ಎಂದು ಎಣಿಸುವರು. ಬುಡದ ಪಟ್ಟಿಯಿಂದ ಯಾವ ಪ್ರಬಂಧವನ್ನು ಎಷ್ಟು ಮಂದಿ ನೆನೆದರು ಎಂದು ಎಣಿಸುವರು.

ಮೊದಲನೆಯ ಎಣಿಕೆಯಲ್ಲಿ ನಮ್ಮ ದೇಶದ ಸ್ಥಾನ ಬಹಳ ಮೇಲಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಲೆಕ್ಕದಂತೆ 2022ರಲ್ಲಿ ಚೀನದಿಂದ ಸುಮಾರು 9 ಲಕ್ಷ, ಅಮೆರಿಕದಿಂದ ಸುಮಾರು 4.5 ಲಕ್ಷ, ಭಾರತದಿಂದ ಸುಮಾರು 2 ಲಕ್ಷ ಪ್ರಬಂಧಗಳು ಹೊರಬಂದವು. ಹೀಗೆ ಭಾರತವು ಮೂರನೆಯದಾಯಿತು. ಸಂತೋಷದ ಸಂಗತಿಯೇ ಸರಿ. ಆದರೆ ಇದೇ ಅಂಕಿಯನ್ನು ಜನಸಂಖ್ಯೆಯಿಂದ ಭಾಗಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಅಮೆರಿಕದಲ್ಲಿ ಸುಮಾರು 730 ಜನರಿಗೆ ಒಂದು, ಚೀನದಲ್ಲಿ ಸುಮಾರು 1,600 ಜನರಿಗೆ ಒಂದು, ನಮ್ಮಲ್ಲಿ ಸುಮಾರು 7,000 ಜನರಿಗೆ ಒಂದು ಪ್ರಬಂಧ. ಇನ್ನು ಖರ್ಚಿನ ಕಡೆಗೆ ತಿರುಗಿದರೆ, 2020–21ರಲ್ಲಿ ಭಾರತವು ಸಂಶೋಧನೆಗೆಂದು ವ್ಯಯಮಾಡಿದ ಹಣ ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡ 0.64 ಮಾತ್ರ. ಆ ಅಲ್ಪ ಹಣದಲ್ಲಿ ಇಷ್ಟು ಪ್ರಬಂಧಗಳು ಬಂದುವೆಂದರೆ ಅದು ಮೆಚ್ಚತಕ್ಕದ್ದೇ ಎನ್ನುವವರೂ ಉಂಟು. ಅಂಕಿ ಒಂದೇ, ಯಾವುದರಿಂದ ಭಾಗಿಸಿದೆವು ಎಂಬುದರ ಮೇಲೆ ಅದು ಮೂರು ಬೇರೆ ಬೇರೆ ಮಾತುಗಳನ್ನು ಆಡುತ್ತದೆ.

ವಿಳಾಸದ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಜನ ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿಗಳಿಗೂ ಸಮುದ್ರದಾಚೆಗೂ ಹೋಗುವುದು ಎಲ್ಲರಿಗೂ ತಿಳಿದ ವಿಷಯ. ಬೈಂದೂರಿನಲ್ಲಿ ಹುಟ್ಟಿ, ಊರಿನ ಶಾಲೆಯಲ್ಲಿ ಓದಿ, ಜರ್ಮನಿಯ ಪ್ರಯೋಗಶಾಲೆಯಲ್ಲಿ ದುಡಿಯುವವಳ ಪ್ರಬಂಧ ಜರ್ಮನಿಯ ಲೆಕ್ಕಕ್ಕೆ ಸೇರುತ್ತದೆ. ಅವಳಿಗೆ ಅಕ್ಷರ ಕಲಿಸಿದ ಊರಿನ ಲೆಕ್ಕಕ್ಕೆ ಏನೂ ಬಾರದು. ಪ್ರಬಂಧಕ್ಕೆ ಮೂರು ದೇಶಗಳ ಲೇಖಕರಿದ್ದರೆ ಮತ್ತೊಂದು ಪ್ರಶ್ನೆ ಏಳುತ್ತದೆ: ಮೂರು ದೇಶಗಳಿಗೂ ಒಂದೊಂದನ್ನು ಪೂರ್ತಿಯಾಗಿ ಕೊಡಬೇಕೆ, ಅಥವಾ ಮೂರನೆಯ ಒಂದು ಪಾಲನ್ನು ಹಂಚಬೇಕೆ? ಹಿಗ್ಸ್ ಕಣದ ದ್ರವ್ಯರಾಶಿಯನ್ನು ಅಳೆದ ಪ್ರಬಂಧವೊಂದು 2015ರಲ್ಲಿ ಪ್ರಕಟವಾದಾಗ ಅದಕ್ಕೆ 5,154 ಮಂದಿ ಲೇಖಕರಿದ್ದರು! ಹಾಗೆ ಕೂಡಿಸಿದರೂ ಹೀಗೆ ಹಂಚಿದರೂ ದೇಶದ ಮೊತ್ತ ಬೇರೆ ಬೇರೆಯಾಗುವುದು.

ಉಲ್ಲೇಖದ ಎಣಿಕೆ ಹುಟ್ಟಿದ ಬಗೆ

ಪ್ರಬಂಧಗಳ ಸಂಖ್ಯೆಯಿಂದ ಕೆಲಸದ ಪ್ರಮಾಣ ತಿಳಿಯಬಹುದು, ಗುಣ ತಿಳಿಯದು. ಹತ್ತು ಸಾಮಾನ್ಯ ಪ್ರಬಂಧಗಳಿಗಿಂತ ಒಂದು ಶ್ರೇಷ್ಠ ಪ್ರಬಂಧ ಮೇಲಲ್ಲವೇ? ಈ ಗುಣವನ್ನು ಹಿಡಿಯುವುದಕ್ಕೆಂದೇ ಉಲ್ಲೇಖಗಳನ್ನು ಎಣಿಸುವರು ಎಂದು ಇಂದು ಎಲ್ಲರೂ ತಿಳಿದಿದ್ದಾರೆ. ಆದರೆ ಆ ಎಣಿಕೆ ಮೊದಲು ಹುಟ್ಟಿದುದು ಯಾರನ್ನೂ ತೂಗುವುದಕ್ಕಲ್ಲ ಎಂಬುದು ಗಮನಾರ್ಹ.

1927ರಲ್ಲಿ ಅಮೆರಿಕದಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಒಂದು ಸಣ್ಣ ಕಾಲೇಜಿನ ಗ್ರಂಥಾಲಯದ ಕಷ್ಟವನ್ನು ಎತ್ತಿಕೊಂಡರು. ಹಣ ಕಡಮೆ, ಪತ್ರಿಕೆಗಳು ಅನೇಕ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಯಾವ ಪತ್ರಿಕೆಗಳನ್ನು ತರಿಸಿದರೆ ಹೆಚ್ಚು ಉಪಯೋಗವಾದೀತು? ಅವರು ಅಮೆರಿಕದ ರಸಾಯನಶಾಸ್ತ್ರ ಸಂಘದ ಪತ್ರಿಕೆಯ 1926ರ ಸಂಪುಟವನ್ನು ತೆಗೆದುಕೊಂಡು, ಅದರ ಪ್ರಬಂಧಗಳ ಬುಡದಲ್ಲಿದ್ದ 3,633 ಉಲ್ಲೇಖಗಳನ್ನು ಎಣಿಸಿ, ಯಾವ ಯಾವ ಪತ್ರಿಕೆಗಳ ಹೆಸರು ಎಷ್ಟೆಷ್ಟು ಸಲ ಬಂದಿದೆ ಎಂದು ಪಟ್ಟಿ ಮಾಡಿದರು. ಹೆಚ್ಚು ಸಲ ಬಂದುದನ್ನು ಮೊದಲು ಕೊಳ್ಳಬೇಕೆಂದು ಸೂಚಿಸಿದರು. ಕುಂದಾಪುರದ ಯಾವ ಕಾಲೇಜಿನ ಗ್ರಂಥಪಾಲರೂ ಒಪ್ಪಬಹುದಾದ ಸರಳ ಉಪಾಯವಿದು.

ಯೂಜೀನ್ ಗಾರ್ಫೀಲ್ಡ್ ಎಂಬ ಅಮೆರಿಕದ ವಿದ್ವಾಂಸನು 1955ರಲ್ಲಿ ಇನ್ನೂ ಮುಂದೆ ಹೋದನು. ಅಲ್ಲಿನ ವಕೀಲರ ಬಳಿ 19ನೆಯ ಶತಮಾನದಿಂದಲೇ ಒಂದು ಬಗೆಯ ಸೂಚಿಯಿದ್ದಿತು. ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳಲ್ಲಿ ಎತ್ತಿ ಹೇಳಿದ್ದಾರೆ ಎಂಬುದನ್ನು ಅದು ತಿಳಿಸುತ್ತಿದ್ದಿತು. ವಿಜ್ಞಾನಕ್ಕೂ ಅಂತಹ ಸೂಚಿಯೊಂದು ಇದ್ದರೆ, ಹಳೆಯ ಪ್ರಬಂಧದಿಂದ ಹೊರಟು ಹೊಸದನ್ನು ಹುಡುಕಬಹುದೆಂದು ಅವನ ಯೋಚನೆ. 1960ರ ದಶಕದ ಆರಂಭದಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಹೆಸರಿನ ಆ ಮಹಾಸೂಚಿ ಹೊರಬಂದಿತು. 1961ರಲ್ಲಿ ಪ್ರಕಟವಾದ ವಿಜ್ಞಾನಸಾಹಿತ್ಯವನ್ನು ಒಳಗೊಂಡ ಅದರ ಮೊದಲ ಸಂಚಿಕೆಯಲ್ಲಿ 613 ಪತ್ರಿಕೆಗಳಿಂದ ಆಯ್ದ ಸುಮಾರು 14 ಲಕ್ಷ ಉಲ್ಲೇಖಗಳಿದ್ದುವು. ಇದೂ ಹುಡುಕುವವನ ಕೈದೀಪವೇ ಆಗಿದ್ದಿತು. ಬರಬರುತ್ತಾ ಅದೇ ದೀಪವನ್ನು ತಕ್ಕಡಿಯಾಗಿ ಬಳಸತೊಡಗಿದರು.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1948ರಲ್ಲಿಯೇ, ಗ್ರಂಥಾಲಯದ ಕೆಲಸವನ್ನು ಸಂಖ್ಯಾಶಾಸ್ತ್ರದಿಂದ ಅಳೆಯುವ ‘ಲೈಬ್ರಮೆಟ್ರಿ’ ಎಂಬ ಹೊಸ ಶಾಸ್ತ್ರ ಬೆಳೆಯಬೇಕೆಂದು ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಸಲಹೆ ಮಾಡಿದರು. 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅವರು ಸ್ಥಾಪಿಸಿದ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವು ಇಂದಿಗೂ ಈ ವಿದ್ಯೆಯನ್ನು ಕಲಿಸುತ್ತಿದೆ.

ಮೂರು ಸೇರುಗಳು

ಉಲ್ಲೇಖಗಳಿಂದ ತಯಾರಿಸಿದ ಅಳತೆಗಳು ಹಲವಾರು ಇವೆ. ಅವುಗಳಲ್ಲಿ ಮೂರನ್ನು ತಿಳಿದರೆ ಸಾಕು.

ಮೊದಲನೆಯದು ಪತ್ರಿಕೆಯ ‘ಪ್ರಭಾವಾಂಕ’. ಒಂದು ಪತ್ರಿಕೆಯ 2024ರ ಪ್ರಭಾವಾಂಕ ಬೇಕಾದರೆ, ಅದರಲ್ಲಿ 2022 ಮತ್ತು 2023ರಲ್ಲಿ ಅಚ್ಚಾದ ಬರಹಗಳಿಗೆ 2024ರಲ್ಲಿ ದೊರೆತ ಉಲ್ಲೇಖಗಳನ್ನು ಎಣಿಸಿ, ಆ ಎರಡು ವರ್ಷಗಳ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಬೇಕು. ಇದು ಸರಾಸರಿ. ಸರಾಸರಿಯ ದೋಷವನ್ನು ಕಡಲಕರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ದೋಣಿಗಳು ಕಡಲಿಗೆ ಹೋಗಿ, ಒಂದಕ್ಕೆ 91 ಬುಟ್ಟಿ, ಉಳಿದ ಒಂಬತ್ತಕ್ಕೆ ಒಂದೊಂದು ಬುಟ್ಟಿ ಮೀನು ದೊರೆತರೆ ಸರಾಸರಿ ಹತ್ತು ಬುಟ್ಟಿ. ಆದರೆ ಹತ್ತು ಬುಟ್ಟಿ ತಂದ ದೋಣಿ ಒಂದಾದರೂ ಇದೆಯೆ? ಪತ್ರಿಕೆಗಳಲ್ಲಿಯೂ ಹೀಗೆಯೇ. ಕೆಲವೇ ಪ್ರಬಂಧಗಳು ಬಹಳ ಉಲ್ಲೇಖಗಳನ್ನು ಗಳಿಸುತ್ತವೆ, ಹೆಚ್ಚಿನವು ಕೆಲವನ್ನಷ್ಟೇ. ಆದುದರಿಂದ ಪತ್ರಿಕೆಯ ಪ್ರಭಾವಾಂಕ ನೋಡಿ ಅದರೊಳಗಿನ ಒಂದು ಪ್ರಬಂಧದ ಬೆಲೆ ಕಟ್ಟುವುದು ಸರಿಯಾಗಲಾರದು.

ಎರಡನೆಯದು ‘ಎಚ್-ಸೂಚ್ಯಂಕ’. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆಯಿದು. ಒಬ್ಬ ವಿಜ್ಞಾನಿಯ ಆರು ಪ್ರಬಂಧಗಳಿಗೆ ಅನುಕ್ರಮವಾಗಿ 30, 12, 7, 5, 4, 1 ಉಲ್ಲೇಖಗಳು ದೊರೆತಿವೆಯೆಂದು ಭಾವಿಸೋಣ. ನಾಲ್ಕು ಪ್ರಬಂಧಗಳಿಗೆ ಕನಿಷ್ಠ ನಾಲ್ಕು ನಾಲ್ಕು ಉಲ್ಲೇಖಗಳಿವೆ. ಐದು ಪ್ರಬಂಧಗಳಿಗೆ ಐದೈದು ಉಲ್ಲೇಖಗಳಿಲ್ಲ. ಆದುದರಿಂದ ಆತನ ಸೂಚ್ಯಂಕ 4. ಮೊದಲಿನ ಪ್ರಬಂಧಕ್ಕೆ 30ರ ಬದಲು 3,000 ಉಲ್ಲೇಖಗಳು ದೊರೆತಿದ್ದರೂ ಸೂಚ್ಯಂಕ ನಾಲ್ಕೇ! ಇದು ವಯಸ್ಸಿನೊಡನೆ ಏರುವುದೇ ಹೊರತು ಎಂದೂ ಇಳಿಯುವುದಿಲ್ಲ. ಹೀಗಾಗಿ ತರುಣರನ್ನು ಹಿರಿಯರೊಡನೆ ಹೋಲಿಸುವುದಕ್ಕೆ ಇದು ತಕ್ಕುದಲ್ಲ.

ಮೂರನೆಯದು ವಿಷಯಕ್ಕೆ ತಕ್ಕಂತೆ ಸರಿದೂಗಿಸಿದ ಅಳತೆ. ವೈದ್ಯವಿಜ್ಞಾನದಲ್ಲಿ ಸಂಶೋಧಕರು ಬಹಳ, ಪ್ರಬಂಧದ ಬುಡದ ಪಟ್ಟಿಗಳೂ ಉದ್ದ. ಗಣಿತದಲ್ಲಿ ಎರಡೂ ಕಡಮೆ. ಇವೆರಡನ್ನು ನೇರವಾಗಿ ಹೋಲಿಸಿದರೆ ಗಣಿತಜ್ಞನಿಗೆ ಅನ್ಯಾಯವಾಗುವುದು. ಅದಕ್ಕಾಗಿ, ಅದೇ ವಿಷಯದಲ್ಲಿ ಅದೇ ವರ್ಷ ಪ್ರಕಟವಾದ ಜಗತ್ತಿನ ಎಲ್ಲ ಪ್ರಬಂಧಗಳ ಸರಾಸರಿಯಿಂದ ಭಾಗಿಸುವರು. ಭತ್ತದ ಪ್ರಬಂಧವೊಂದಕ್ಕೆ 6 ಉಲ್ಲೇಖ, ಆ ವಿಷಯದ ಸರಾಸರಿ 4 ಎಂದಿಟ್ಟುಕೊಂಡರೆ ಅಳತೆ 1.5. ವೈದ್ಯಪ್ರಬಂಧಕ್ಕೆ 20 ಉಲ್ಲೇಖ, ಆ ವಿಷಯದ ಸರಾಸರಿ 25 ಆದರೆ ಅಳತೆ 0.8. ಮೊದಲು ಹಿಂದೆ ಬಿದ್ದಂತೆ ಕಂಡ ಭತ್ತದ ಪ್ರಬಂಧ ಈಗ ಮುಂದೆ ನಿಂತಿತು. ದೇಶ ದೇಶಗಳನ್ನು ಹೋಲಿಸುವಾಗ ಈ ಮೂರರಲ್ಲಿ ಹೆಚ್ಚು ನಂಬತಕ್ಕದ್ದು ಇದೇ.

ಬಲೆಯ ಕಣ್ಣು

ಆದರೆ ಎಷ್ಟೇ ಸರಿದೂಗಿಸಿದರೂ, ಎಣಿಕೆಗೆ ಬರುವುದು ಪಟ್ಟಿಯಲ್ಲಿ ಸೇರಿದುದು ಮಾತ್ರ. ರಂಪಣಿ ಬಲೆಯನ್ನು ಎಳೆದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಬಲೆಯ ಕಣ್ಣಿಗಿಂತ ಸಣ್ಣ ಮೀನು ಬಲೆಯಲ್ಲಿ ನಿಲ್ಲದು. ಆದರೆ ಬಲೆಯಲ್ಲಿ ಸಿಕ್ಕದ ಮೀನು ಕಡಲಿನಲ್ಲಿಯೇ ಇಲ್ಲವೆಂದು ಯಾವ ಮೀನುಗಾರನೂ ಹೇಳಲಾರನು. ಇಂದು ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ‘ವೆಬ್ ಆಫ್ ಸೈನ್ಸ್’, ‘ಸ್ಕೋಪಸ್’ ಎಂಬ ಎರಡು ಮಹಾಸೂಚಿಗಳೂ ಒಂದೊಂದು ಬಲೆ. ತಾವು ಆರಿಸಿದ ಪತ್ರಿಕೆಗಳನ್ನಷ್ಟೇ ಅವು ಎಣಿಸುತ್ತವೆ. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನವು. ಭಾರತದಲ್ಲಿ ಪ್ರಕಟವಾಗುವ ಅನೇಕ ಸಣ್ಣ ಕೃಷಿಪತ್ರಿಕೆಗಳು ಅವುಗಳ ಕಣ್ಣಿನಿಂದ ಜಾರಿಹೋಗುತ್ತವೆ. ರೈತರಿಗಾಗಿ ಕನ್ನಡದಲ್ಲಿ ಅಚ್ಚಾಗುವ ಕೈಪಿಡಿಗಳಂತೂ ಆ ಬಲೆಯ ಹತ್ತಿರವೂ ಸುಳಿಯುವುದಿಲ್ಲ. ಇಂದಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕನ್ನಡಿಗರ ಕೈಗಿತ್ತರು. ಅಂತಹ ಕೆಲಸಕ್ಕೆ ಈ ಲೆಕ್ಕದಲ್ಲಿ ಒಂದು ಸೊನ್ನೆಯ ಸ್ಥಾನವೂ ಇಲ್ಲ.

ಬ್ರಹ್ಮಾವರದ ಭತ್ತ

ಈ ಮಾತಿಗೆ ನಿದರ್ಶನ ಹುಡುಕಿ ದೂರ ಹೋಗಬೇಕಾಗಿಲ್ಲ. ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಇಂದು ಅದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಕರಾವಳಿಯ ಬೆಳೆಗಳ ಸಂಶೋಧನೆ ನಡೆಸುತ್ತಿದೆ. ನಮ್ಮ ಕರಾವಳಿಯ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ಬೈಲುಗದ್ದೆಗಳು ತಗ್ಗಿನಲ್ಲಿರುವುದರಿಂದ ಮಳೆಗಾಲದಲ್ಲಿ ನದಿಗಳು ಉಕ್ಕಿದಾಗ ಪೈರು ಹಲವು ದಿನ ನೀರಿನಡಿಯಲ್ಲಿ ಮುಳುಗಿ ಕೊಳೆಯುವುದು. ಇಂತಹ ಗದ್ದೆಗಳಿಗಾಗಿ ಈ ಕೇಂದ್ರವು ‘ಸಹ್ಯಾದ್ರಿ ಪಂಚಮುಖಿ’ ಎಂಬ, ನೆರೆಯನ್ನು ತಾಳಬಲ್ಲ ಕೆಂಪಕ್ಕಿಯ ತಳಿಯನ್ನು ರೂಪಿಸಿತು.

ಇದೇ ಪ್ರಶ್ನೆಯನ್ನು ಎತ್ತಿಕೊಂಡ ಮತ್ತೊಂದು ಸಂಶೋಧನೆಯನ್ನು ಇದರ ಪಕ್ಕದಲ್ಲಿಡೋಣ. ಮುಳುಗಡೆಯನ್ನು ತಾಳುವ ಶಕ್ತಿ ಕೊಡುವ ‘ಸಬ್-1’ ಎಂಬ ಜೀನಿನ ಗುಂಪನ್ನು ಗುರುತಿಸಿದ ಪ್ರಬಂಧವು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಗತ್ತಿನ ಭತ್ತ ವಿಜ್ಞಾನಿಗಳು ಅದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಿದ್ದಾರೆ. ಅದು ಯೋಗ್ಯವಾದ ಮನ್ನಣೆಯೇ. ಆದರೆ ಆ ಜೀನು ದೊರೆತುದು ಒಡಿಶಾದ ರೈತರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ನಾಡತಳಿಯಿಂದ ಆಯ್ದ ‘ಎಫ್‌ಆರ್ 13ಎ’ ಎಂಬ ಭತ್ತದಲ್ಲಿ. ಆ ರೈತರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಇತ್ತ ಬ್ರಹ್ಮಾವರದ ತಳಿಯನ್ನು ಬಿತ್ತುವ ರೈತನೂ ಬಿತ್ತನೆಯ ಬುಡದಲ್ಲಿ ಉಲ್ಲೇಖ ಬರೆಯುವುದಿಲ್ಲ. ನೀರು ಇಳಿದ ಮೇಲೆ ಪೈರು ಮತ್ತೆ ತಲೆಯೆತ್ತಿದರೆ, ಬರುವ ವರ್ಷವೂ ಅದನ್ನೇ ಬಿತ್ತುತ್ತಾನೆ. ಅವನು ಕೊಡುವ ಉಲ್ಲೇಖವೆಂದರೆ ಅದೇ.

ಭತ್ತದ ವಂಶಾವಳಿಯನ್ನು ನೋಡಿದರೆ ಈ ಹೋಲಿಕೆ ಇನ್ನೂ ಸ್ಪಷ್ಟವಾಗುವುದು. ಉಡುಪಿ ಜಿಲ್ಲೆಯ ರೈತರಿಗೆ ಚಿರಪರಿಚಿತವಾದ ‘ಎಂ.ಒ. 4’ ಭತ್ತವು ಕೇರಳದ ಮೊಂಕೊಂಬು ಭತ್ತ ಸಂಶೋಧನಾ ಕೇಂದ್ರದ ಕೊಡುಗೆ. ಅಲ್ಲಿ ಅದಕ್ಕೆ ‘ಭದ್ರ’ ಎಂದು ಹೆಸರು. ಅದರ ತಂದೆತಾಯಿಗಳಲ್ಲಿ ಒಂದು ಕೇರಳದ ಪಟ್ಟಾಂಬಿಯ ‘ಪಿ.ಟಿ.ಬಿ. 20’, ಇನ್ನೊಂದು 1966ರಲ್ಲಿ ಫಿಲಿಪ್ಪೀನ್ಸ್‌ನಿಂದ ಬಿಡುಗಡೆಯಾದ ‘ಐ.ಆರ್. 8’. ಆ ಐ.ಆರ್. 8ರ ಹಿಂದೆ ಇಂಡೊನೇಷ್ಯದ ‘ಪೇಟ’ ಮತ್ತು ತೈವಾನಿನ ಗಿಡ್ಡ ತಳಿ ‘ಡೀ-ಜಿಯೊ-ವೂ-ಜೆನ್’ ಇವೆ. ಪ್ರಬಂಧವೊಂದು ಹಿಂದಿನ ಪ್ರಬಂಧಗಳ ಮೇಲೆ ನಿಂತಂತೆ, ಒಂದು ತಳಿ ಹಿಂದಿನ ತಳಿಗಳ ಮೇಲೆ ನಿಂತಿದೆ. ಬೈಂದೂರಿನ ಒಂದು ಗದ್ದೆಯಲ್ಲಿ ನಾಲ್ಕು ದೇಶಗಳ ಸಂಶೋಧನೆ ತೆನೆ ತೂಗುತ್ತಿದೆ. ಆದರೆ ಈ ಉಲ್ಲೇಖಮಾಲೆ ಯಾವ ಮಹಾಸೂಚಿಯ ಬಲೆಗೂ ಬೀಳುವುದಿಲ್ಲ.

ಊರಿನ ಪ್ರಶ್ನೆಗೆ ಬೆಲೆ ಎಷ್ಟು?

ಉಲ್ಲೇಖಗಳ ಸಂಖ್ಯೆ ಪ್ರಶ್ನೆಯ ಮಹತ್ವವನ್ನಷ್ಟೇ ಅವಲಂಬಿಸಿಲ್ಲ. ಆ ಪ್ರಶ್ನೆಯನ್ನು ಕೇಳುವ ಮಂದಿ ಎಷ್ಟು ಎಂಬುದನ್ನೂ ಅವಲಂಬಿಸಿದೆ. ಕುಂದಾಪುರದಿಂದ ಘಟ್ಟ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ 1957ರಲ್ಲಿ ಮಂಗಗಳೂ ಮನುಷ್ಯರೂ ಒಂದು ಹೊಸ ಜ್ವರಕ್ಕೆ ಬಲಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರ ವೈರಸ್ಸನ್ನು ಗುರುತಿಸಿ, ಅದು ಉಣ್ಣಿಗಳ ಮೂಲಕ ಹರಡುವುದೆಂದು ತೋರಿಸಿಕೊಟ್ಟರು. ಅದೇ ‘ಮಂಗನ ಕಾಯಿಲೆ’. ಅದು ಪಶ್ಚಿಮಘಟ್ಟದ ಆಸುಪಾಸಿನಲ್ಲಿ ಮಾತ್ರ ಕಾಣುವ ರೋಗ. ಅದನ್ನು ಅಭ್ಯಸಿಸುವ ಪ್ರಯೋಗಶಾಲೆಗಳೂ ಕೆಲವೇ. ಆದುದರಿಂದ ಅದರ ಬಗೆಗಿನ ಒಳ್ಳೆಯ ಪ್ರಬಂಧಕ್ಕೂ, ಜಗತ್ತೆಲ್ಲ ಹರಡಿದ ರೋಗದ ಸಾಧಾರಣ ಪ್ರಬಂಧಕ್ಕೆ ದೊರೆಯುವಷ್ಟು ಉಲ್ಲೇಖಗಳು ದೊರೆಯಲಾರವು. ಕಾಡಿನಂಚಿನಲ್ಲಿ ದರಕು ಗುಡಿಸುವ ಹೆಂಗಸಿಗೆ ಯಾವುದರಿಂದ ಜೀವ ಉಳಿಯುವುದೆಂದು ಕೇಳಿದರೆ ಉತ್ತರ ಬೇರೆಯೇ.

ಅತಿ ದೊಡ್ಡ ಶೋಧಗಳೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದುಂಟು. ಸಿ. ವಿ. ರಾಮನ್ ಅವರು ತಮ್ಮ ಹೊಸ ವಿಕಿರಣದ ವಿಷಯವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಅದು ಭಾರತದ ಭೌತಶಾಸ್ತ್ರ ಪತ್ರಿಕೆಯಲ್ಲಿಯೇ ಅಚ್ಚಾಯಿತು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಂದು ಔಷಧಗಳ ಕಾರ್ಖಾನೆಯಿಂದ ಹಿಡಿದು ಶಿಲೆಗಳ ಪರೀಕ್ಷೆಯವರೆಗೆ ರಾಮನ್ ಪರಿಣಾಮದ ಬಳಕೆಯಿದೆ. ಆದರೆ ಬಳಸುವವರು 1928ರ ಪ್ರಬಂಧವನ್ನು ಪಟ್ಟಿಯಲ್ಲಿ ಬರೆಯುವುದು ಅಪರೂಪ. ‘ರಾಮನ್’ ಎಂಬ ಹೆಸರೇ ಸಾಕಾಗಿದೆ. ಶೋಧವು ಎಲ್ಲರ ಅರಿವಿನಲ್ಲಿ ಬೆರೆತುಹೋದಾಗ ಅದರ ಉಲ್ಲೇಖವೇ ಮಾಯವಾಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದನು. ಇದಕ್ಕೆ ಎದುರಾಗಿ, ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ತಿಳಿಸಿದ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಡಿ.ಎನ್.ಎ. ಅಣುವಿನ ರಚನೆಯನ್ನು ತೆರೆದು ತೋರಿಸಿದ 1953ರ ಪ್ರಬಂಧವಾದರೋ, 2014ರಲ್ಲಿ ತಯಾರಿಸಿದ ಮೊದಲ ನೂರರ ಪಟ್ಟಿಯಲ್ಲಿ ಸೇರಲೇ ಇಲ್ಲ. ಲೌರಿಯ ವಿಧಾನ ದಿನನಿತ್ಯ ಬೇಕಾದ ಉಪಕರಣ. ಎಷ್ಟು ಸಲ ಬಳಸಿದರೋ ಅಷ್ಟು ಸಲ ಹೆಸರು ಬಂದಿತು.

ಅಳತೆಯೇ ಗುರಿಯಾದಾಗ

ಇಷ್ಟಾದರೂ ಎಣಿಕೆಯಿಂದ ದೊಡ್ಡ ಹಾನಿಯಿಲ್ಲ, ಅದರ ಮಿತಿಯನ್ನು ಅರಿತಿದ್ದರೆ. ಹಾನಿ ತಟ್ಟುವುದು ಅಳತೆಯೇ ಗುರಿಯಾದಾಗ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ವಿಷಯದಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟಿದ್ದನು. ಪರೀಕ್ಷೆಯ ಅಂಕವೇ ಗುರಿಯಾದ ವಿದ್ಯಾರ್ಥಿ ಪಾಠವನ್ನು ಬಿಟ್ಟು ಪ್ರಶ್ನೆಗಳನ್ನಷ್ಟೇ ಉರುಹೊಡೆಯುವಂತೆ, ಪ್ರಬಂಧದ ಸಂಖ್ಯೆಯೇ ಗುರಿಯಾದ ಸಂಶೋಧಕನು ಒಂದು ಕೆಲಸವನ್ನು ನಾಲ್ಕಾಗಿ ಸೀಳಿ ನಾಲ್ಕು ಪ್ರಬಂಧ ಮಾಡುತ್ತಾನೆ. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುತ್ತಾನೆ. ಮಿತ್ರರು ಒಬ್ಬರನ್ನೊಬ್ಬರು ಉಲ್ಲೇಖಿಸುತ್ತಾರೆ. ಹಣ ತೆತ್ತರೆ ಏನನ್ನಾದರೂ ಅಚ್ಚು ಮಾಡುವ ಪತ್ರಿಕೆಗಳೂ, ಸಿದ್ಧ ಪ್ರಬಂಧಗಳನ್ನು ಮಾರುವ ಅಂಗಡಿಗಳೂ ಹುಟ್ಟಿಕೊಂಡಿವೆ. ಹೀಗೆ ಬಂದ ಪ್ರಬಂಧಗಳೂ ದೇಶದ ಮೊತ್ತದಲ್ಲಿ ಸೇರುತ್ತವೆ. ಕಲ್ಲು ಬೆರೆಸಿದ ಅಕ್ಕಿಯಿಂದ ಮುಡಿಯ ತೂಕ ಹೆಚ್ಚೀತು, ಅನ್ನ ಹೆಚ್ಚಲಾರದು.

ಇದನ್ನು ಮನಗಂಡ ಜಗತ್ತಿನ ವಿಜ್ಞಾನಿಗಳು ಪ್ರತಿಕ್ರಿಯೆ ತೋರಿದ್ದಾರೆ. ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯ ಬೆಲೆ ಕಟ್ಟಬಾರದೆಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ ರೂಪುಗೊಂಡಿತು. 2015ರಲ್ಲಿ ಪ್ರಕಟವಾದ ಲೈಡನ್ ಪ್ರಣಾಳಿಕೆಯು ಹತ್ತು ಸೂತ್ರಗಳನ್ನು ಮುಂದಿಟ್ಟಿತು. ಅಂಕಿಗಳು ತಜ್ಞರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಸ್ಥಾನವನ್ನು ಕಸಿಯಬಾರದು. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕು ಎಂಬುವು ಅವುಗಳಲ್ಲಿ ಎರಡು. ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ 2022ರ ನವೆಂಬರಿನ ನಿಯಮಗಳಲ್ಲಿ, ಪಿಎಚ್.ಡಿ. ಪದವಿಗೆ ಮಹಾಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು.

ಅಂಕಿಯನ್ನು ಓದುವ ಬಗೆ

ಹಾಗಾದರೆ ಅಂಕಿಗಳನ್ನು ಎಸೆದುಬಿಡೋಣವೆ? ಬೇಡ. ಅಳತೆಯೇ ಇಲ್ಲದ ಕಡೆ ಶಿಫಾರಸಿನ ದರ್ಬಾರು ನಡೆಯುವುದು. ಎಲ್ಲಿ ಕೆಲಸ ನಡೆದಿದೆ, ಎಲ್ಲಿ ಹಣ ವ್ಯರ್ಥವಾಯಿತು, ಯಾವ ವಿಷಯದಲ್ಲಿ ದೇಶ ಹಿಂದೆ ಬಿದ್ದಿದೆ ಎಂದು ತಿಳಿಯಲು ಎಣಿಕೆ ಬೇಕೇ ಬೇಕು. ಆದರೆ ವಿದ್ಯಾರ್ಥಿಗಳು ಇಂತಹ ಅಂಕಿಯೊಂದು ಕಣ್ಣಿಗೆ ಬಿದ್ದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಯಾವ ಬಲೆಯಿಂದ ಹಿಡಿದ ಲೆಕ್ಕವಿದು? ಯಾವುದರಿಂದ ಭಾಗಿಸಿದ್ದಾರೆ? ಒಂದೇ ವಿಷಯದ ಪ್ರಬಂಧಗಳನ್ನು ಹೋಲಿಸಿದ್ದಾರೆಯೆ? ಇದರ ಉಪಯೋಗ ಪಡೆದವರಲ್ಲಿ ಪ್ರಬಂಧ ಬರೆಯದವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮಹಾಸೂಚಿಯನ್ನು ಬಿಟ್ಟು ಗದ್ದೆಗೂ ಬಂದರಿಗೂ ಆಸ್ಪತ್ರೆಗೂ ಹೋಗಬೇಕು. ಎಷ್ಟು ಎಕರೆಯಲ್ಲಿ ಆ ತಳಿಯನ್ನು ಬಿತ್ತಿದರು, ನೆರೆಯ ವರ್ಷ ಎಷ್ಟು ಭತ್ತ ಉಳಿಯಿತು ಎಂಬುದನ್ನೂ ಎಣಿಸಬಹುದು. ಅದೂ ಸಂಶೋಧನೆಯ ಅಳತೆಯೇ.

ಉಲ್ಲೇಖದ ಎಣಿಕೆ ಒಂದು ಸಣ್ಣ ಕಾಲೇಜಿನ ಗ್ರಂಥಾಲಯದ ಬಡತನದಿಂದ ಹುಟ್ಟಿತೆಂದು ಮೇಲೆ ಹೇಳಿದೆವು. ಆ ಬಡತನವನ್ನು ನೀಗುವ ಒಂದು ಪ್ರಯತ್ನ ನಮ್ಮಲ್ಲಿ 2025ರ ಜನವರಿಯಿಂದ ನಡೆದಿದೆ. ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಯಂತೆ ಕೇಂದ್ರ ಸರ್ಕಾರವು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಓದಲು ಒದಗಿಸುತ್ತಿದೆ. ಊರಿನ ಸರ್ಕಾರಿ ಕಾಲೇಜು ಈ ಯೋಜನೆಗೆ ಸೇರಿದ್ದರೆ ‘ನೇಚರ್’ ಪತ್ರಿಕೆಯ ಪ್ರಬಂಧ ವಿದ್ಯಾರ್ಥಿಯ ಮುಂದೆ ತೆರೆದುಕೊಳ್ಳುವುದು. ಮೊದಲು ಓದುವುದು, ಅನಂತರ ಪ್ರಶ್ನೆ ಕೇಳುವುದು, ಆಮೇಲೆ ಬರೆಯುವುದು. ಎಣಿಸುವ ಕೆಲಸ ಎಲ್ಲಕ್ಕಿಂತ ಕೊನೆಯದು. ಪಂಚಗಂಗಾವಳಿಯ ಅಳಿವೆಯಲ್ಲಿ, ಕೊಲ್ಲೂರಿನ ಕಾಡಿನಲ್ಲಿ, ಸೀತಾನದಿಯ ದಡದ ಬೈಲುಗಳಲ್ಲಿ ಇನ್ನೂ ಯಾರೂ ಕೇಳದ ಪ್ರಶ್ನೆಗಳು ಅನೇಕ ಇವೆ. ಜಗತ್ತು ಅವನ್ನು ಎಷ್ಟು ಸಲ ಉಲ್ಲೇಖಿಸೀತು ಎಂಬ ಲೆಕ್ಕ ಹಾಕುತ್ತಾ ಕುಳಿತರೆ ಅವುಗಳಿಗೆ ಉತ್ತರ ದೊರೆಯದು. ಅವನ್ನು ಎತ್ತಿಕೊಳ್ಳತಕ್ಕವರು ಅಲ್ಲಿಯ ಶಾಲೆ ಕಾಲೇಜುಗಳಲ್ಲಿ ಇಂದು ಓದುತ್ತಿರುವವರೇ.